ಬೊಮ್ಮನ ಹೆಸರಿನಲ್ಲಿ ನಾನು ಪಾಸಾದ ಪರೀಕ್ಷೆ

ಬೊಮ್ಮ, ನಿನ್ನ ಹೆಸರಿನಲ್ಲಿ ಆ ಆನ್‌ಲೈನ್ ಪರೀಕ್ಷೆ ಪಾಸು ಮಾಡಿದವನು ನಾನು. ಅದು ನಿನಗೂ ಗೊತ್ತು. ಆದರೆ ಅದರಲ್ಲಿ ಏನಿತ್ತು ಎಂಬುದನ್ನು ನಿನ್ನಿಂದ ಬೇಕೆಂದೇ ಮುಚ್ಚಿಟ್ಟೆ — ಅದು ನಿನಗೆ ಗೊತ್ತಿಲ್ಲ.

ಹುಣಸೂರಿನ ಆ ಬಾರಿಗೆ ನಾನು ಮ್ಯಾನೇಜರ್, ನೀನು ಕಾಡಂಚಿನ ಹಾಡಿಯಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದ ಸಪ್ಲೈಯರ್. ಮಾಲೀಕರಿಗೆ ಕಬಿನಿ ಕಡೆಯ ರೆಸಾರ್ಟೊಂದರ ಬಾರ್ ಗುತ್ತಿಗೆ ಹಿಡಿಯುವ ಆಸೆ. ಗಿರಾಕಿಗೆ ಅತಿಯಾದಾಗ ಹೇಗೆ ತಿಳಿಯಬೇಕು, ಹೇಗೆ ಇಲ್ಲ ಅನ್ನಬೇಕು — ಇದರ ತರಬೇತಿ ಎಲ್ಲರಿಗೂ ಆಗಿರಬೇಕೆಂದು ರೆಸಾರ್ಟಿನವರು ಹೇಳಿದ್ದರು. ವಿಡಿಯೊ ಇಂಗ್ಲಿಷಿನಲ್ಲಿತ್ತು. ನಿಮ್ಮೆಲ್ಲರ ಮೊಬೈಲು ಇಸಿದುಕೊಂಡು ನಾನೇ ಒತ್ತಿ ಮುಗಿಸಿದೆ.

"ಏನ್ ಏಳ್ತಾರೆ ಸಾರ್ ಅದ್ರಲ್ಲಿ?" ಅಂದೆ ನೀನು.

"ಏನಿಲ್ಲ, ಕುಡ್ದವ್ರ ಜೊತೆ ಜಗಳ ಆಡ್ಬ್ಯಾಡಿ ಅಂತಾರೆ. ಓಗು."

ಸುಳ್ಳು. ಇಲ್ಲ ಅನ್ನಲು ಸಪ್ಲೈಯರಿಗೆ ಅಂಜಿಕೆಯಾದರೆ ಮ್ಯಾನೇಜರಿಗೆ ಹೇಳಲಿ, ಆಮೇಲೆ ಇಲ್ಲ ಅನ್ನುವುದು ಮ್ಯಾನೇಜರನ ಕೆಲಸ ಎಂದಿತ್ತು. ಹೇಳಿದ್ದರೆ ನೀವೆಲ್ಲ ನನ್ನ ಕೌಂಟರಿಗೆ ಬರುತ್ತಿದ್ದಿರಿ, ಗಿರಾಕಿಗಳ ಕಣ್ಣಿಗೆ ಕೆಟ್ಟವನಾಗುವುದು ನಾನು. ಇನ್ನು, ನಗುತ್ತಾ ಬೇಡ ಅನ್ನಿ ಎಂದು ವಿಡಿಯೊದಲ್ಲಿ ಹೇಳಿಕೊಟ್ಟ ಆ ಪುಣ್ಯಾತ್ಮರ ಮೇಲೆ ನನಗೆ ಈಗಲೂ ಸಿಟ್ಟಿದೆ. ನಿನ್ನ ಹೆಂಡತಿ ಕೂಲಿಗೆ ಹೋಗುವುದು ಜವರೇಗೌಡರ ಹೊಗೆಸೊಪ್ಪಿನ ಹೊಲಕ್ಕೆ. ಅದೇ ಜವರೇಗೌಡರಿಗೆ ನೀನು ಸಾಕು ಅನ್ನುವುದೆಂದರೆ —

ಆದರೂ ಜವರೇಗೌಡರಿಗೆ ಅತಿಯಾದ ಆ ಮಧ್ಯಾಹ್ನ ನೀನು ನನ್ನ ಕೌಂಟರಿಗೆ ಬಂದೆ. ಯಾರೂ ಹೇಳಿಕೊಡದಿದ್ದರೂ ಬಂದೆ.

"ಸಾರ್, ಗೌಡ್ರಿಗೆ ಕಾಲ್ ನಿಲ್ತಿಲ್ಲ, ಬೈಕ್ ಬ್ಯಾರೆ ತಂದವ್ರೆ. ನೀವೊಂದ್ ಮಾತ್ ಏಳಿ."

ನಾನು ತಲೆ ಎತ್ತಲಿಲ್ಲ. "ಕೇಳಿದ್ ಕೊಡ್ಲಾ. ನಿಮ್ಮಪ್ಪನ ಮನೆ ಗಂಟೇನ್ ಓಗ್ತದೆ?"

ನೀನು ಕೊಟ್ಟೆ. ಜವರೇಗೌಡರು ಊರು ಮುಟ್ಟಲಿಲ್ಲ. ಬೈಕಿನ ಸಮೇತ ಮೋರಿಗೆ ಬಿದ್ದು ಸತ್ತರು.

ಮಾರನೆಯ ದಿನ ಅವರ ಮಗ ಬಾರಿನ ಬಾಗಿಲಲ್ಲೇ ನಿನಗೆ ಹೊಡೆದ. "ಎಷ್ಟ್ ಕುಡಿಸ್ದ್ಯಲಾ ನಮ್ಮಪ್ಪಂಗೆ?" ನೀನು ನನ್ನ ಮುಖ ನೋಡಿದೆ. ನಾನು ವಿಚಾರಣೆಗೆ ಬಂದಿದ್ದ ಪೊಲೀಸರ ಕಡೆ ತಿರುಗಿ, ಇವನಿಗೆ ತರಬೇತಿ ಆಗಿದೆ, ಪಾಸಾಗಿದ್ದಾನೆ, ನನ್ನನ್ನು ಕೇಳದೆ ಕೊಟ್ಟಿದ್ದಾನೆ ಅಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾಲೀಕರು ಅವತ್ತೇ ನಿನ್ನನ್ನು ಕಳಿಸಿದರು. ಆಮೇಲೆ ಗೌಡರ ಊರಿನಲ್ಲಿ ನಿನ್ನ ಹೆಂಡತಿಯನ್ನೂ ಯಾರೂ ಕೂಲಿಗೆ ಕರೆಯಲಿಲ್ಲ.

ವರ್ಷಗಟ್ಟಲೆ ನಾನು ಮಾಲೀಕರನ್ನು ಬೈದುಕೊಂಡೆ. ಅವರು ಸುಳ್ಳು ಹೇಳು ಅಂದಿರಲಿಲ್ಲ, ಅದು ನನ್ನ ಬಾಯಲ್ಲಿ ತಯಾರಾಗಿಯೇ ಇತ್ತು. ನಿನ್ನ ಮೇಲೂ ರೇಗಿದೆ — "ನಾನು ಹೇಳಿದ್ದೆ, ಸಾರ್ ಕೇಳಲಿಲ್ಲ" ಅಂತ ಯಾಕೆ ಬಾಯಿ ಬಿಡಲಿಲ್ಲ ನೀನು? ಬಿಟ್ಟಿದ್ದರೂ ಯಾರು ನಂಬುತ್ತಿದ್ದರು? ಯಾರೂ ನಂಬುವುದಿಲ್ಲ ಎಂಬ ಧೈರ್ಯದಿಂದಲೇ ನಾನು ಹಾಗೆ ಅಂದದ್ದು. ಥೂ ನನ್ನ ಜನ್ಮಕ್ಕೆ.

ಹೋದ ವಾರ ಹ್ಯಾಂಡ್‌ಪೋಸ್ಟ್ ಸರ್ಕಲಿನ ಬಸ್ ಸ್ಟಾಪಿನಲ್ಲಿ ನನ್ನನ್ನು ಕಂಡು ನೀನು ಎದ್ದು ನಿಂತೆ. "ಕೂತ್ಕಳಿ ಸಾರ್." ನಾಚಿಕೆಗೆಟ್ಟ ನಾನು ಕೂತೆ.

ನಾಳೆ ಜವರೇಗೌಡರ ಮನೆಗೆ ಹೋಗುತ್ತೇನೆ. ತಡೆಯಲು ಬಂದವನು ಬೊಮ್ಮ, ಕೊಡು ಅಂದವನು ನಾನು ಎಂದು ಆ ಮಗನಿಗೆ ಹೇಳುತ್ತೇನೆ. ಹೊಡೆದರೆ ಹೊಡೆಯಲಿ. ಅಲ್ಲಿಂದ ಸ್ಟೇಷನ್ನಿಗೆ ಹೋಗಿ ಅದನ್ನೇ ಬರೆದುಕೊಡುತ್ತೇನೆ.

ನಿನ್ನ ಹಾಡಿಗೆ ಮಾತ್ರ ಈಗಲೇ ಬರುವುದಿಲ್ಲ. ಬಂದರೆ ನೀನು ಕೂರಲು ಚಾಪೆ ಹಾಸುತ್ತೀಯ.