ಸೋತ ಟೀಮಿನ ಮ್ಯಾನೇಜರು

ಹಾಸ್ಯದ ಸಿನಿಮಾ ನೋಡುತ್ತಾ ನಗದೆ ಕೂತವನನ್ನು ಮನೆಯವರು ಅನುಮಾನದಿಂದ ನೋಡುತ್ತಾರೆ. ಮೈ ಹುಷಾರಿಲ್ಲವೇ, ಹೊಟ್ಟೆಯಲ್ಲಿ ಏನಾದರೂ ಸಂಕಟವೇ ಎಂದು ವಿಚಾರಿಸುತ್ತಾರೆ. ಕಳೆದ ತಿಂಗಳು ಗೋವಿಂದರಾಜನಗರದ ನಮ್ಮ ಮನೆಯಲ್ಲಿ ನನ್ನ ಮೇಲೂ ಈ ವಿಚಾರಣೆ ನಡೆಯಿತು. ಮಗಳು ಅಂಕಿತಾ ಟೀವಿಯಲ್ಲಿ ಯಾವುದೋ ದೇಶದ ಸಿನಿಮಾ ಹಾಕಿದ್ದಳು. ಬಡಪಾಯಿಯೊಬ್ಬ ತನ್ನ ದೇಶದ ಫುಟ್ಬಾಲ್ ತಂಡದ ಮ್ಯಾನೇಜರಾಗಿ, ಹೋದ ಕಡೆಯೆಲ್ಲ ಸೋತು ಬರುವ ಕತೆ ಅದು.

ಆ ಮನುಷ್ಯ ಹೋಟೆಲಿನ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಜೋಡಿಸಿ ಆಟದ ತಂತ್ರ ಹೇಳಿಕೊಡುತ್ತಾನೆ. ಅಷ್ಟರಲ್ಲಿ ಮಾಣಿ ಬಂದು ಮೇಜು ಒರೆಸಿ ಡಿಫೆನ್ಸನ್ನು ಎತ್ತಿಕೊಂಡು ಹೋಗುತ್ತಾನೆ. ಇಲ್ಲಿಯವರೆಗೆ ನಾನೂ ನಕ್ಕಿದ್ದೆ. ಆಮೇಲೆ ದೊಡ್ಡ ಪಂದ್ಯ ಸೋತ ಮೇಲೆ ಆತ ಬಸ್ಸಿನ ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿ ಬಂದ ಒಬ್ಬೊಬ್ಬ ಆಟಗಾರನ ಬೆನ್ನು ತಟ್ಟಿ ಒಳಗೆ ಕಳಿಸುತ್ತಾನೆ. ಕೊನೆಗೆ ತಾನು ಹತ್ತಿ ನೋಡಿದರೆ ಅವನಿಗೇ ಸೀಟಿಲ್ಲ. ಅಂಕಿತಾ ಬಿದ್ದು ಬಿದ್ದು ನಕ್ಕು, ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಅದನ್ನೇ ಹಾಕಿದಳು.

"ಯಾಕಪ್ಪಾ, ನಗು ಬರ್ಲಿಲ್ವಾ ನಿಂಗೆ?" ಎಂದಳು.

"ಬಂತು" ಎಂದು ಸುಳ್ಳು ಹೇಳಿದೆ. ಬಸ್ಸಿನ ಬಾಗಿಲಲ್ಲಿ ಹಾಗೆ ನಿಂತಿದ್ದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಹೆಸರು ಬೋರೇಗೌಡರು.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ನಾನಾಗ ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಗೌಡರು ಅದೇ ಕಾರ್ಖಾನೆಯ ಟೈಂ ಆಫೀಸಿನವರು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಯಾವ ಶಿಫ್ಟು ಎಂದು ನೋಡುವುದು ಅವರ ಕೆಲಸ. ಫುಟ್ಬಾಲಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದೇ, ಚೆಂಡನ್ನು ಕೈಯಲ್ಲಿ ಮುಟ್ಟಬಾರದು. ಆದರೂ ಕಾರ್ಖಾನೆಯ ತಂಡಕ್ಕೆ ಅವರನ್ನೇ ಮ್ಯಾನೇಜರ್ ಮಾಡಿದ್ದೆವು. ಪ್ರಾಕ್ಟೀಸಿಗೆ ಬೇಗ ಹೊರಡಲು ಗೇಟ್ ಪಾಸ್ ಕೊಡುವವರು ಅವರಲ್ಲವೇ. ನಮ್ಮ ಅರ್ಹತೆಗಳೂ ಹೆಚ್ಚುಕಡಿಮೆ ಇದೇ ಮಟ್ಟದವು. ಸ್ವಂತ ಬೂಟು ಇದ್ದ ಕಾರಣಕ್ಕೆ ನಾನು ತಂಡಕ್ಕೆ ಸೇರಿದ್ದೆ.

ಗೌಡರು ಫುಟ್ಬಾಲನ್ನೂ ಶಿಫ್ಟಿನ ಲೆಕ್ಕದಲ್ಲೇ ನಡೆಸಿದರು. ಒಬ್ಬನೇ ಬಹಳ ಹೊತ್ತು ಆಡಿದರೆ ಅವರಿಗೆ ಅದು ಅನ್ಯಾಯವಾಗಿ ಕಾಣುತ್ತಿತ್ತು. ಗೋಲು ಹೊಡೆಯುತ್ತಿದ್ದವನನ್ನೇ ಹೊರಗೆ ಕರೆದು, "ನೀವು ಸಾಕು ಬನ್ನಿ, ಪಾಪ ಇವರು ಬೆಳಗ್ಗೆಯಿಂದ ಕಾಯ್ತಾ ಕೂತವ್ರೆ" ಎಂದು ಇನ್ನೊಬ್ಬನನ್ನು ಇಳಿಸುತ್ತಿದ್ದರು. ನಾವು ತಲೆ ಚಚ್ಚಿಕೊಳ್ಳುತ್ತಿದ್ದೆವು. ನಿಜ ಹೇಳಬೇಕೆಂದರೆ, ಆಡುತ್ತಿದ್ದವರು ಚಚ್ಚಿಕೊಳ್ಳುತ್ತಿದ್ದರು. ಕಾಯುತ್ತ ಕೂತವರಲ್ಲಿ ನಾನೂ ಒಬ್ಬನಾದ್ದರಿಂದ ನನಗೆ ಆ ಪದ್ಧತಿಯಲ್ಲಿ ಅಂಥ ದೋಷವೇನೂ ಕಂಡಿರಲಿಲ್ಲ.

ಆ ವರ್ಷ ಹೇಗೋ ಕಾರ್ಖಾನೆಗಳ ಟೂರ್ನಮೆಂಟಿನ ಫೈನಲ್ ತಲುಪಿದೆವು. ಎರಡೂ ತಂಡಕ್ಕೆ ಒಂದೊಂದು ಗೋಲು. ಹತ್ತು ನಿಮಿಷ ಉಳಿದಿತ್ತು. ಗೌಡರು ಕೈಗಡಿಯಾರ ನೋಡಿ, ನಮ್ಮ ಅತ್ಯುತ್ತಮ ಆಟಗಾರನನ್ನು ಕರೆಸಿಕೊಂಡು, "ಮೂರ್ತಿ, ನೀವು ಹೋಗ್ರಪ್ಪ" ಎಂದು ನನ್ನನ್ನು ಇಳಿಸಿದರು. ಮೊದಲರ್ಧದ ಆಟ ಮಾತ್ರ ಗಮನವಿಟ್ಟು ನೋಡಿ, ಆಮೇಲೆ ಬೆಂಚಿನಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದವನಿಗೆ, ವಿರಾಮದ ನಂತರ ತಂಡಗಳು ಬದಿ ಬದಲಾಯಿಸಿವೆ ಎಂಬುದು ತಲೆಯಲ್ಲಿ ಉಳಿದಿರಲಿಲ್ಲ. ಚೆಂಡು ಕಾಲಿಗೆ ಬಂತು. ಎದುರಿಗೆ ಗೋಲು ಕಂಡಿತು. ಗೋಲ್‌ಕೀಪರು ಎರಡೂ ಕೈ ಆಡಿಸಿ ಬೇಡ ಬೇಡ ಎನ್ನುತ್ತಿದ್ದ. ನನ್ನನ್ನು ಕಂಡು ಹೆದರಿದ್ದಾನೆ ಎಂದುಕೊಂಡೆ. ಅವನು ನಮ್ಮವನೇ ಎಂದು ತಿಳಿಯುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಇನ್ಯಾವತ್ತೂ ಒದ್ದಿಲ್ಲ.

ಸೋತೆವು. ಗೌಡರು ಬಸ್ಸಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹತ್ತಿಸಿದರು. ನನ್ನ ಸರದಿ ಬಂದಾಗ ಭುಜದ ಮೇಲೆ ಕೈಯಿಟ್ಟು, "ಊಟ ಮಾಡಿ ಮಲಗಿ, ಆಟ ತಾನೇ" ಎಂದರು. ಅವರು ಹೇಳಿದ್ದು ಅಷ್ಟೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಒಂದು ಹೆಜ್ಜೆ ಮುಂದೆ ಹೋದೆ. ಕ್ಯಾಂಟೀನಿನಲ್ಲಿ ದಿನಾ ನನ್ನನ್ನು ಕಂಡು ಕಿಸಕ್ಕೆನ್ನುತ್ತಿದ್ದವರ ಬಾಯಿ ಮುಚ್ಚಿಸಬೇಕಿತ್ತು. ಆ ನವೆಂಬರಿನ ರಾಜ್ಯೋತ್ಸವದಲ್ಲಿ ಒಂದು ಪುಟ್ಟ ನಾಟಕ ಬರೆದು ನಾನೇ ಗೌಡರ ವೇಷ ಹಾಕಿದೆ. ಅವರ ಹಾಗೇ ಪಂಚೆ ಎತ್ತಿ ಕಟ್ಟಿ, ಕೈಗಡಿಯಾರ ನೋಡಿಕೊಳ್ಳುತ್ತಾ, ಕೊನೆಯಲ್ಲಿ "ಮೂರ್ತೀ, ಈ ಕಡೆ ಹೊಡೀರಿ, ಈ ಕಡೆ" ಎಂದು ನಮ್ಮದೇ ಗೋಲಿನತ್ತ ಕೈ ತೋರಿಸಿ ಕೂಗಿದೆ. ಜನ ಕುರ್ಚಿಯಿಂದ ಉರುಳಿ ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ಗೌಡರೂ ನಕ್ಕರು.

ಅವರು ಹಾಗೆ ಕೂಗಿರಲೇ ಇಲ್ಲ. ಅದು ನಾನು ಕಟ್ಟಿದ್ದು. ಆದರೆ ನಕ್ಕು ನಂಬಿದ್ದನ್ನು ಜನ ಸುಲಭಕ್ಕೆ ಬಿಡುವುದಿಲ್ಲ. ವಾರದೊಳಗೆ ಇಡೀ ಕಾರ್ಖಾನೆಯಲ್ಲಿ ಅದೇ ಇತಿಹಾಸವಾಯಿತು. ಗೌಡರು ತಪ್ಪು ಕಡೆ ತೋರಿಸಿದರು, ಪಾಪ ಮೂರ್ತಿ ಏನು ಮಾಡಿಯಾನು. ಮರುವರ್ಷ ಮ್ಯಾನೇಜರ್ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಗೌಡರು ಮತ್ತೆ ಮೈದಾನದ ಕಡೆ ಬರಲಿಲ್ಲ. ಗೇಟ್ ಪಾಸ್ ಮಾತ್ರ ಮೊದಲಿನ ಹಾಗೇ ಕೊಡುತ್ತಿದ್ದರು, ನನಗೂ.

ಹಳೆಯ ನಾಟಕಗಳಲ್ಲಿ ವಿದೂಷಕನೆಂದು ಒಬ್ಬನಿರುತ್ತಾನೆ. ನಗಿಸುವುದು ಅವನ ಕಸುಬು, ವೇಷ ಅವನೇ ಒಪ್ಪಿ ಹಾಕಿಕೊಂಡದ್ದು, ಪರದೆ ಬಿದ್ದ ಮೇಲೆ ತೊಳೆದುಕೊಂಡು ಮನೆಗೆ ಹೋಗುತ್ತಾನೆ. ಮ್ಯಾನೇಜರಿಗೆ ಆ ಸೌಲಭ್ಯವಿಲ್ಲ. ಮದುವೆ ಮನೆಯಲ್ಲಿ ಅಡುಗೆಯ ಉಸ್ತುವಾರಿ ಹೊತ್ತ ಸೋದರಮಾವನ ಪಾಡೇ ಅವನದ್ದು. ಸೌಟು ಹಿಡಿದವರು ಬೇರೆ, ಉಪ್ಪು ಹಾಕಿದವರು ಬೇರೆ, ಸಾರು ಕೆಟ್ಟರೆ ಎಲ್ಲರೂ ತಿರುಗಿ ನೋಡುವುದು ಮಾವನನ್ನು. ಒಂದು ದೇಶವೇ ಸೇರಿ ಒಬ್ಬನನ್ನು ಹಾಗೆ ನೋಡಿದರೆ ಅದು ಒಳ್ಳೆಯ ಸಿನಿಮಾ ಆಗುತ್ತದೆ. ನೋಡಿದ್ದು ಒಂದು ಕಾರ್ಖಾನೆಯ ಇನ್ನೂರು ಜನ, ಅದರಲ್ಲಿ ಮೊದಲನೆಯವನು ನಾನು ಎಂದಾಗ ನಗು ಬರುವುದಿಲ್ಲ.

ಸಿನಿಮಾ ನೋಡಿದ ಮರುವಾರ ಹೇರೋಹಳ್ಳಿಗೆ ಹೊರಟೆ. ಗೌಡರದ್ದು ಅಲ್ಲಿಯ ಹಳೇ ಮನೆತನ. ಇಷ್ಟು ವರ್ಷ ಐದಾರು ಮೈಲಿ ದೂರದಲ್ಲಿದ್ದು ಒಮ್ಮೆಯೂ ಹೋಗಿರಲಿಲ್ಲ. ಗುಂಡಿಗಳ ನಡುವೆ ರಸ್ತೆ ಹುಡುಕುತ್ತಿದ್ದ ಆಟೋದವರು, "ಇನ್ನು ಒಳಕ್ಕೆ ಬರಲ್ಲ ಸಾರ್, ಇಳ್ಕೊಳಿ" ಎಂದರು. ವಾಪಸ್ ಹೋಗಲು ಒಳ್ಳೆಯ ನೆಪ ಸಿಕ್ಕಿತು ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೂ ಇಳಿದು ನಡೆದೆ.

ಗೌಡರು ವರಾಂಡದಲ್ಲಿ ಕೂತಿದ್ದರು. ಎಂಬತ್ತು ದಾಟಿದೆ. ನನ್ನನ್ನು ಕಂಡದ್ದೇ ಗುರುತು ಹಿಡಿದು ಕೈ ಹಿಡಿದುಕೊಂಡರು. ಅವರ ಹೆಂಡತಿ ಕಾಫಿ ತಂದರು. ಮಳೆ, ಮಂಡಿನೋವು, ಸತ್ತವರು, ಬದುಕಿದವರು ಎಲ್ಲ ಮುಗಿದ ಮೇಲೆ, ದಾರಿಯುದ್ದಕ್ಕೂ ಉರು ಹೊಡೆದಿದ್ದನ್ನು ಹೇಳಿದೆ.

"ಗೌಡ್ರೇ, ಆ ಫೈನಲ್ ದಿನ ನೀವು ಏನೂ ಕೂಗಿರ್ಲಿಲ್ಲ. ತಪ್ಪು ಕಡೆ ಒದ್ದಿದ್ದು ನಾನೇ. ನಾಟಕದಲ್ಲಿ ನಿಮ್ಮ ಮೇಲೆ ಸುಳ್ಳು ಹಾಕ್ದೆ. ಅದಕ್ಕೆ ಕ್ಷಮೆ ಕೇಳೋಣ ಅಂತ ಬಂದೆ."

ಅವರು ಲೋಟ ಕೆಳಗಿಟ್ಟು ಮತ್ತೆ ನನ್ನ ಕೈ ಹಿಡಿದುಕೊಂಡರು.

"ಕೂಗಿದ್ದೆ ಕಣ್ರೀ ಮೂರ್ತಿ" ಎಂದರು. "ನನಗೆ ಚೆನ್ನಾಗಿ ಗ್ಯಾಪಕ ಐತೆ. ಈ ಕಡೆ ಹೊಡೀರಿ ಅಂತ ಕೈ ತೋರಿಸಿ ಕೂಗಿದೆ. ನನ್ನ ಮಾತು ಕೇಳಿ ನಿಮಗೆ ಅಷ್ಟು ಜನರ ಮುಂದೆ ಅವಮಾನ ಆಯ್ತು. ನಾನೇ ಬಂದು ಹೇಳ್ಬೇಕಾಗಿತ್ತು."

ಇಲ್ಲ ಎಂದೆ. ಇನ್ನೊಮ್ಮೆ ಬಿಡಿಸಿ ಹೇಳಿದೆ. ಬೆಂಚು, ಕಡಲೆಕಾಯಿ, ವಿರಾಮ, ಎಲ್ಲ. ಅವರು ಮಕ್ಕಳ ಮಾತು ಕೇಳುವ ಹಾಗೆ ತಲೆಯಾಡಿಸಿದರು. "ದೊಡ್ಡ ಮನಸ್ಸು ನಿಮ್ದು, ನನ್ನ ಸಮಾಧಾನಕ್ಕೆ ಹೇಳ್ತೀರಿ" ಎಂದು ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು.

ಅವರ ಹೆಂಡತಿ ಲೋಟ ತೆಗೆದುಕೊಳ್ಳಲು ಬಂದವರು ನನ್ನ ಪಕ್ಕದಲ್ಲಿ ಬಾಗಿ ಮೆಲ್ಲಗೆ ಹೇಳಿದರು: "ಪರವಾಗಿಲ್ಲ ಅಂದ್ಬಿಡಿ ಸ್ವಾಮಿ. ಎಷ್ಟೋ ವರ್ಷದಿಂದ ಇದೇ ಕೊರಗು ಇವ್ರಿಗೆ."

ಗೌಡರು ಕಾಯುತ್ತಿದ್ದರು. "ಪರವಾಗಿಲ್ಲ ಬಿಡಿ ಗೌಡ್ರೇ" ಎಂದೆ. ಅವರ ಮುಖ ಹಗುರಾಯಿತು. ಕ್ಷಮೆ ಕೇಳಲು ಹೋದವನು, ಹೀಗೆ, ಕ್ಷಮಿಸಿ ಬಂದೆ.