ಗೊಂಬೆ ಮೆಟ್ಟಿಲ ಮೇಲೆ ಅಮೆರಿಕದ ಗಾಜು

ಕಳೆದ ಶನಿವಾರ ನಮ್ಮ ಅಡುಗೆಮನೆಯ ತುಂಬ ವಿನೆಗರ್ ವಾಸನೆ. ಉದ್ದ ಕತ್ತಿನ ಗಾಜಿನ ಹೂಜಿಯೊಳಗೆ ಒಂದು ಹಿಡಿ ಅಕ್ಕಿ, ಅರ್ಧ ಲೋಟ ವಿನೆಗರ್ ಹಾಕಿ, ಬಾಯಿಗೆ ಅಂಗೈ ಒತ್ತಿಕೊಂಡು ಗಲಗಲ ತಿರುಗಿಸುತ್ತಿದ್ದೆ. ಬ್ರಷ್ ಹೋಗದ ಕಡೆ ಕೂತ ಮಬ್ಬನ್ನು ಅಕ್ಕಿ ಉಜ್ಜಿ ತೆಗೆಯುತ್ತದೆ. ಮಗಳು ಮಹಡಿಯಿಂದ ಇಳಿದು ಬಂದವಳೇ ಮೂಗು ಮುಚ್ಚಿಕೊಂಡು, ಇವತ್ತು ಊಟಕ್ಕೆ ಏನು ಶಿಕ್ಷೆ ಅಂತ ತನ್ನ ಇಂಗ್ಲಿಷಿನಲ್ಲಿ ಕೇಳಿದಳು. ಊಟ ಅಲ್ಲ ಕಣೇ, ನವರಾತ್ರಿಗೆ ಗಾಜು ತೊಳೀತಿದ್ದೀನಿ ಅಂದೆ. ಕಣ್ಣು ಮೇಲೆ ಮಾಡಿ ಹೊರಟುಹೋದಳು. ನನಗೆ ಮಾತ್ರ ಆ ವಾಸನೆ ಬಂದರೆ ಸಾಕು, ಪಕ್ಕದ ಮನೆಯ ಅಡುಗೆಮನೆ, ಅಲ್ಲಿ ಸ್ವೆಟರಿನ ತೋಳು ಮಡಚಿ ಸಿಂಕಿನ ಮುಂದೆ ನಿಂತ ಡಾಕ್ಟರ್ ಆಂಟಿ...

ಅವರು ಡಾಕ್ಟರ್ ಅಲ್ಲ. ಡಾಕ್ಟರು ಅವರ ಗಂಡ; ಮೈಸೂರಿನಿಂದ ಬಂದು ಇಲ್ಲಿನ ಆಸ್ಪತ್ರೆಯಲ್ಲಿ ದುಡಿದು ಕೂದಲು ಬೆಳ್ಳಗೆ ಮಾಡಿಕೊಂಡವರು. ಲಂಡನ್ನಿನ ಈ ಹ್ಯಾರೋ ಬಡಾವಣೆಯ ಕನ್ನಡದವರೆಲ್ಲ ಇವರನ್ನೂ ಡಾಕ್ಟರ್ ಆಂಟಿ ಅನ್ನುತ್ತಿದ್ದರು. ನಾವು ಮದುವೆಯಾದ ಹೊಸತರಲ್ಲಿ ಅವರ ಪಕ್ಕದ ಮನೆಗೆ ಬಾಡಿಗೆಗೆ ಬಂದೆವು. ಇಲ್ಲಿನ ಜೋಡಿ ಮನೆಗಳ ಲಕ್ಷಣವೇ ಅದು, ಎರಡಕ್ಕೂ ನಡುವೆ ಒಂದೇ ಗೋಡೆ. ಅವರ ಕುಕ್ಕರ್ ಕೂಗಿದರೆ ನಾನು ಎದ್ದುಹೋಗಿ ನಮ್ಮ ಒಲೆ ನೋಡುತ್ತಿದ್ದೆ.

ಆಂಟಿಗೆ ಇದ್ದದ್ದು ಒಂದೇ ಹುಚ್ಚು. ಹಳೆಯ ಅಮೆರಿಕನ್ ಕಟ್ ಗ್ಲಾಸ್. ನೂರು ವರ್ಷಕ್ಕೂ ಹಿಂದೆ ಅಲ್ಲಿನ ಕೆಲಸಗಾರರು ಸೀಸ ಬೆರೆತ ದಪ್ಪ ಗಾಜನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿದು, ನಕ್ಷತ್ರ, ಬೀಸಣಿಗೆ, ಹೂಬಳ್ಳಿ ಕೊರೆದು ಮಾಡಿದ ಬಟ್ಟಲು, ಹೂಜಿ, ತಟ್ಟೆಗಳು. ಯಾರದೋ ಮದುವೆಯ ಉಡುಗೊರೆಯಾಗಿ ಎಂದೋ ಹಡಗು ಹತ್ತಿ ಬಂದವು, ಮನೆಯ ಹಿರಿಯರು ತೀರಿಕೊಂಡ ಮೇಲೆ ದಾನಕ್ಕೆ ಬಂದ ಸಾಮಾನು ಮಾರುವ ಚಾರಿಟಿ ಅಂಗಡಿಯ ಕಪಾಟು ಸೇರುತ್ತಿದ್ದವು. ಶನಿವಾರ ಬೆಳಗಾದರೆ ಆಂಟಿ ಕೈಚೀಲದಲ್ಲಿ ಹಳೆಯ ಟವಲ್ ತುರುಕಿಕೊಂಡು ಬೇಟೆಗೆ ಹೊರಡುತ್ತಿದ್ದರು. ನಾನೂ ಬಾಲದ ಹಾಗೆ ಹಿಂದೆ.

ಪರೀಕ್ಷೆ ಮಾಡುವುದನ್ನು ಅವರೇ ಕಲಿಸಿದರು. ಮೊದಲು ಕೆತ್ತನೆಯ ಮೇಲೆ ಬೆರಳು ಆಡಿಸಬೇಕು. ಅಚ್ಚಿನಲ್ಲಿ ಒತ್ತಿದ ಗಾಜಾದರೆ ಅಂಚು ಮೊಂಡು. ಚಕ್ರದಲ್ಲಿ ಕೊರೆದದ್ದಾದರೆ ಬೆರಳಿಗೆ ಚುರುಕ್ ಅನ್ನುತ್ತದೆ. ಆಮೇಲೆ ಉಗುರಿನಿಂದ ಒಂದು ಸಣ್ಣ ಪೆಟ್ಟು. ಟಿಣ್ ಅಂತ ಶುರುವಾದ ಸದ್ದು ನಾವು ಉಸಿರು ಬಿಡುವವರೆಗೂ ನಿಲ್ಲಬಾರದು. ಕೊನೆಗೆ ಕಿಟಕಿಯ ಕಡೆ ಓರೆ ಹಿಡಿದರೆ, ತಳದಲ್ಲಿ ಉಸಿರಿನ ಮಂಜಿನಷ್ಟು ತೆಳ್ಳಗೆ ತಯಾರಿಸಿದವರ ಗುರುತು. ಅದು ಕಂಡ ದಿನ ಆಂಟಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೂ ಟವಲ್ ಬಿಚ್ಚಿ ತೋರಿಸುತ್ತಿದ್ದರು.

ಒಮ್ಮೆ ಹಳೆಯ ಸಾಮಾನಿನ ಅಂಗಡಿಯವನೊಬ್ಬ, ಈ ಅಮೆರಿಕನ್ನರಿಗೆ ಎಲ್ಲಿ ನಿಲ್ಲಿಸಬೇಕು ಅನ್ನೋದೇ ಗೊತ್ತಿಲ್ಲ, ಮೈತುಂಬ ಕೊರೆದುಬಿಡುತ್ತಾರೆ, ನಮ್ಮ ಇಂಗ್ಲಿಷ್ ಗಾಜು ನೋಡಿ ಎಷ್ಟು ಗಂಭೀರ ಅಂದ. ಆಂಟಿ ಸೆರಗು ಸರಿಮಾಡಿಕೊಂಡು, ನಮ್ಮಮ್ಮ ರಂಗೋಲಿ ಹಾಕುವಾಗ ಖಾಲಿ ಜಾಗ ಬಿಡುತ್ತಿರಲಿಲ್ಲ, ಅವಳೂ ಗಂಭೀರವಾಗೇ ಇದ್ದಳು ಅಂತ ಅವನದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಪಾಪ, ಅವನಿಗೆ ರಂಗೋಲಿ ಅಂದರೇನು ಅಂತ ವಿವರಿಸುವ ಕೆಲಸ ನನ್ನ ತಲೆಗೆ ಬಂತು.

ತಂದದ್ದನ್ನೆಲ್ಲ ಬಳಸುತ್ತಿದ್ದರು. ಕೋಸಂಬರಿ ನಕ್ಷತ್ರದ ಬಟ್ಟಲಲ್ಲಿ, ಮಜ್ಜಿಗೆ ಹೂ ಕೊರೆದ ವೈನ್ ಗ್ಲಾಸಿನಲ್ಲಿ. ಅಮೆರಿಕನ್ನರು ಸೆಲರಿ ದಂಟು ಜೋಡಿಸಲು ಮಾಡಿದ ದೋಣಿಯಂಥ ಉದ್ದ ತಟ್ಟೆಯಲ್ಲಿ ಕೋಡುಬಳೆ. ಡಾಕ್ಟರು ನನ್ನ ಕಡೆ ನೋಡಿ, “ನಮ್ಮನೇಲಿ ಸ್ಟೀಲ್ ಲೋಟ ಕೇಳೋಕೆ ಅಪಾಯಿಂಟ್‌ಮೆಂಟ್ ಬೇಕಮ್ಮ” ಅಂತ ನಗಾಡುತ್ತಿದ್ದರು. ಒಳ್ಳೆಯ ಮನುಷ್ಯ. ಒಂದು ಮಾರ್ಚಿನಲ್ಲಿ, ಕೆಲಸದಿಂದ ನಿವೃತ್ತಿಯಾದ ಮರುವರ್ಷ, ಹೃದಯ ನಿಂತು ಹೋಗಿಬಿಟ್ಟರು.

ಇನ್ನು ಗೊಂಬೆಯ ವಿಷಯ. ಆಂಟಿಯ ಮದುವೆಯಲ್ಲಿ ಅವರ ತಾಯಿ ಪಟ್ಟದ ಗೊಂಬೆ ಕೊಟ್ಟಿದ್ದರು, ಮರದ ರಾಜ ರಾಣಿ. ಅದರ ಜೊತೆಗೆ ವರ್ಷ ವರ್ಷ ಸೇರಿಸಿದ್ದು ಮೂರು ಪೆಟ್ಟಿಗೆ. ದಸರಾ ಬಂದರೆ ಡಾಕ್ಟರು ಕೈಯಾರೆ ಮಾಡಿದ ಏಳು ಮೆಟ್ಟಿಲಿನ ಮೇಲೆ ಬಿಳಿ ಬಟ್ಟೆ ಹಾಸಿ ಅವನ್ನೆಲ್ಲ ಕೂರಿಸುತ್ತಿದ್ದರು. ಹ್ಯಾರೋದ ಹೆಂಗಸರೆಲ್ಲ ಸಂಜೆ ಅರಿಶಿನ ಕುಂಕುಮಕ್ಕೆ ಬರುತ್ತಿದ್ದದ್ದು ಅಲ್ಲಿಗೇ. ಡಾಕ್ಟರು ಹೋದ ವರ್ಷ ನಾದಿನಿ ಬಂದರು. ಅಂದರೆ ಡಾಕ್ಟರ ತಂಗಿ, ನಮ್ಮಿಂದ ನಾಲ್ಕು ರಸ್ತೆ ಆಚೆ ಅವರ ಮನೆ. “ಈ ವರ್ಷ ಸೂತಕ ಅತ್ತಿಗೆ, ನಿಮ್ಮನೇಲಿ ಕೂರಿಸೋ ಹಾಗಿಲ್ಲ. ನಮ್ಮನೇಲಿ ಕೂರಿಸಿ ವಾಪಸ್ ಕೊಡ್ತೀನಿ” ಅಂತ ಮೂರೂ ಪೆಟ್ಟಿಗೆ ಕಾರಿಗೆ ಹಾಕಿಕೊಂಡು ಹೋದರು. ಆರತಿಯ ಗಂಟೆಯೂ ಅದರೊಳಗೇ ಹೋಯಿತು.

ಮರುವರ್ಷ ಆಂಟಿ ಫೋನ್ ಮಾಡಿ ಕೇಳಿದರು. ನಾನು ಅಲ್ಲೇ ಕೂತಿದ್ದೆ. ಅತ್ತ ಕಡೆಯ ಮಾತು ಕೇಳಿಸಲಿಲ್ಲ, ಇವರ ಮುಖ ಮಾತ್ರ ಕಂಡಿತು. ಫೋನ್ ಇಟ್ಟ ಮೇಲೆ ವಿಷಯ ಹೇಳಿದರು. ಇನ್ನು ಮುಂದೆ ಇವರು ಕೂರಿಸುವುದು ಸರಿಹೋಗುವುದಿಲ್ಲವಂತೆ, ಗೊಂಬೆ ಮುತ್ತೈದೆಯ ಮನೆಯಲ್ಲೇ ಇರಬೇಕಂತೆ. ತಾಯಿ ಮಗಳಿಗೆ ಕೊಟ್ಟ ಗೊಂಬೆ! ನನಗೆ ಮೈಯೆಲ್ಲ ಉರಿದುಹೋಯಿತು. ಆಂಟಿ ಎದ್ದು ಸಿಂಕಿನ ಕಡೆ ಹೋಗಿ, ನಲ್ಲಿ ತಿರುಗಿಸಿ, ಬೆನ್ನು ಹಾಕಿಕೊಂಡೇ ಹೇಳಿದರು.

“ಗೊಂಬೆ ತಗೊಂಡು ಹೋದ್ಳು ಕಣೇ. ಮೆಟ್ಟಿಲು ಮರೆತು ಹೋಗಿದ್ದಾಳೆ.”

ನವರಾತ್ರಿಯ ಹಿಂದಿನ ದಿನ ಮೆಟ್ಟಿಲು ಶೆಡ್ಡಿನಿಂದ ಹೊರಬಂತು. ಬಿಳಿ ಬಟ್ಟೆ ಹಾಸಿ, ಏಳು ಮೆಟ್ಟಿಲ ಮೇಲೂ ಗಾಜು ಕೂರಿಸಿದರು. ರಾಜ ರಾಣಿಯ ಜಾಗದಲ್ಲಿ ಹೂಬಳ್ಳಿಯ ಎರಡು ಎತ್ತರದ ಹೂಜಿ. ಕೆಳಗೆ ಪಾನಕ ಬೆರೆಸುವ ದೊಡ್ಡ ಪಂಚ್ ಬೌಲು, ಅದರ ಸುತ್ತ ಅದರದೇ ಹನ್ನೆರಡು ಪುಟ್ಟ ಲೋಟ, ದರ್ಬಾರಿನಲ್ಲಿ ಕೂತ ಹಾಗೆ. ಉಪ್ಪಿನ ಪುಟ್ಟ ಬಟ್ಟಲುಗಳಲ್ಲಿ ಅರಿಶಿನ, ಕುಂಕುಮ. ದೀಪ ಹಚ್ಚಿದರೆ ಗೋಡೆಯ ಮೇಲೆಲ್ಲ ಬಣ್ಣದ ಚೂರು ಓಡಾಡುತ್ತಿದ್ದವು. ಆಂಟಿ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆದರು. ವಾಟ್ಸಾಪಿನಲ್ಲಿ ಹಾಕಿದರೆ ನೋಡಲಿಲ್ಲ ಅಂತ ತಪ್ಪಿಸಿಕೊಳ್ಳುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಇಷ್ಟೇ: ತನ್ನ ಮನೆಯಲ್ಲಿ ತಾನು ಕೂರಿಸಬೇಕು, ತನ್ನ ಕೈಯಿಂದ ನಾಲ್ಕು ಜನ ಕುಂಕುಮ ತೆಗೆದುಕೊಳ್ಳಬೇಕು.

ಮೊದಲ ಸಂಜೆ ಒಬ್ಬರೂ ಬರಲಿಲ್ಲ.

ನಾನೂ ಹೋಗಲಿಲ್ಲ. ಸುಳ್ಳು ಯಾಕೆ ಹೇಳಲಿ? ಆಗ ನಾನು ಏಳು ತಿಂಗಳ ಬಸುರಿ. ಬಾಣಂತನಕ್ಕೆಂದು ಮೈಸೂರಿನಿಂದ ನನ್ನ ಅತ್ತೆ ಬಂದಿದ್ದರು. ಅವರೂ ಗಂಡನನ್ನು ಕಳೆದುಕೊಂಡು ಹನ್ನೊಂದು ವರ್ಷವಾಗಿತ್ತು. ಶಾಸ್ತ್ರದ ವಿಷಯದಲ್ಲಿ ಅವರಷ್ಟು ಬಿಗಿ ಇನ್ನೊಬ್ಬರಿಲ್ಲ. “ಹೊಟ್ಟೇಲಿ ಮಗು ಇಟ್ಕೊಂಡು ಅಲ್ಲಿಗೆ ಹೋಗೋದು ಬೇಡ. ದೇವರ ಜಾಗದಲ್ಲಿ ಹೆಂಡದ ಗ್ಲಾಸ್ ಜೋಡಿಸಿದ್ದಾರಂತೆ!” ಅಂದರು. ಸೋಫಾದಲ್ಲಿ ಕೂತೆ. ಗೋಡೆಯ ಆಚೆಯಿಂದ ಟಿಣ್ ಅಂತ ಸದ್ದು ಬಂತು. ಗಂಟೆ ಇಲ್ಲವಲ್ಲ, ಚಮಚದಲ್ಲಿ ಪಂಚ್ ಬೌಲ್ ಬಾರಿಸಿ ಆರತಿ ಮಾಡುತ್ತಿದ್ದರು. ಒಬ್ಬರೇ.

ಎರಡನೇ ಸಂಜೆಯೂ ಅದೇ. ಮೂರನೇ ಸಂಜೆಯೂ ಅದೇ. ನಾಲ್ಕನೇ ದಿನ ಬೆಳಗ್ಗೆ ಕಿಟಕಿಯಿಂದ ನೋಡುತ್ತೇನೆ, ಆಂಟಿ ಹಿತ್ತಲ ಹುಲ್ಲಿನ ಮೇಲೆ ಹಿಂದಿನ ದಿನದ ಕಡಲೆಕಾಳು ಉಸಲಿ ಪಾರಿವಾಳಗಳಿಗೆ ಚೆಲ್ಲುತ್ತಿದ್ದಾರೆ. ಪಾತ್ರೆ ತುಂಬ ಇತ್ತು. ಹದಿನೈದು ಜನಕ್ಕೆ ಮಾಡಿದ್ದರು. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಅವತ್ತು ಸಂಜೆ ಅತ್ತೆ ಬಚ್ಚಲಲ್ಲಿದ್ದಾಗ ಹೊರಟೆ. ಕಳ್ಳಿಯ ಹಾಗೆ, ಹೌದು, ಆದರೆ ರೇಷ್ಮೆ ಸೀರೆ ಉಟ್ಟುಕೊಂಡೇ. ಆಂಟಿ ಬಾಗಿಲು ತೆಗೆದು, “ಬಂದ್ಯಾ, ಚಪ್ಪಲಿ ಅಲ್ಲಿ ಬಿಡು” ಅಂದರು, ದಿನಾ ಬರುವವಳಿಗೆ ಹೇಳಿದ ಹಾಗೆ. ಕುಂಕುಮದ ಬಟ್ಟಲು ತಂದಾಗ ನನ್ನ ಕೈ ನನಗೆ ಗೊತ್ತಿಲ್ಲದೆ ಹೊಟ್ಟೆಯ ಮೇಲೆ ಹೋಯಿತು. ಅವರು ನೋಡಿಬಿಟ್ಟರು.

“ಹೆದರ್ಕೊಂಡು ತಗೊಳ್ಳೋದಾದ್ರೆ ಬೇಡ ಮರಿ.”

“ಹೆದರಿಕೆ ಇದೆ ಆಂಟಿ. ಆದ್ರೂ ಹಚ್ಚಿ.”

ಹಚ್ಚಿದರು.

ಅಷ್ಟರಲ್ಲಿ ಬೆಲ್ ಆಯಿತು. ಒಂದೇ ಸಮನೆ. ಬಾಗಿಲಲ್ಲಿ ಅತ್ತೆ, ಕಾಲುಚೀಲದ ಮೇಲೆ ಹವಾಯಿ ಚಪ್ಪಲಿ, ಒದ್ದೆ ತಲೆಗೆ ಟವಲ್. ನನ್ನನ್ನು ಎಳೆದುಕೊಂಡು ಹೋಗಲು ಬಂದವರು ನನ್ನ ಹಣೆ ನೋಡಿದರು, ಬಾಯಿ ತೆರೆದರು, ಹಾಗೇ ಅವರ ಕಣ್ಣು ಮೆಟ್ಟಿಲ ಕಡೆ ಹೋಯಿತು. ಕೆಳಗಿನಿಂದ ಮೇಲಿನವರೆಗೂ ಒಂದೊಂದೇ ಮೆಟ್ಟಿಲು ನೋಡಿದರು. ಆಮೇಲೆ ಅವರ ಬಾಯಿಂದ ಬಂದದ್ದು ನಾನು ಕನಸಲ್ಲೂ ಎಣಿಸದ ಮಾತು.

“ಏನ್ರೀ ಇದು, ಕಲಶ ಎಲ್ಲಿ?”

“ಇಟ್ಟಿಲ್ಲ. ನಾನು ಇಡಬಾರದಂತಲ್ಲ, ನಿಮ್ಮ ಶಾಸ್ತ್ರದಲ್ಲಿ” ಅಂದರು ಆಂಟಿ.

“ಅಯ್ಯೋ, ಚೆನ್ನಾಗಿದೆ! ಗಾಜಾದ್ರೂ ಆಗ್ಲಿ, ಕಲ್ಲಾದ್ರೂ ಆಗ್ಲಿ, ಕೂರಿಸಿದ ಮೇಲೆ ಕಲಶ ಬೇಡ್ವೇನ್ರೀ? ಮೂರು ದಿನದಿಂದ ಬರೀ ಮೆಟ್ಟಿಲಿಗೆ ಆರತಿ ಮಾಡ್ತಿದ್ದೀರಾ?”

ಹೇಳಿದವರೇ ನಮ್ಮ ಮನೆಗೆ ದಡದಡ ನಡೆದರು. ಫ್ರಿಜ್ಜಿನಲ್ಲಿಟ್ಟಿದ್ದ ಮಾವಿನೆಲೆ, ತೆಂಗಿನಕಾಯಿ, ಅಡಿಕೆ ಮಡಿಲಲ್ಲಿ ಕಟ್ಟಿಕೊಂಡು ವಾಪಸ್ ಬಂದರು. ಕಲಶಕ್ಕೆ ಪಾತ್ರೆ ಬೇಕಲ್ಲ, ಮೇಲಿನ ಹೂಜಿಯೊಂದನ್ನು ಎತ್ತಿ ಮೂಸಿ ನೋಡಿದರು. “ಇದೇನು ಹುಳಿ ವಾಸನೆ?” ವಿನೆಗರ್ ಅಂತ ಮೂರು ಸಲ ಹೇಳಿದರೂ ನಂಬಿಕೆ ಬರಲಿಲ್ಲ. ಕೊನೆಗೆ ಗುಲಾಬಿ ಇಡುವ ದುಂಡನೆಯ ಬಟ್ಟಲು ಕಣ್ಣಿಗೆ ಬಿತ್ತು. ಅದರ ಬಾಯಿಗೆ ತೆಂಗಿನಕಾಯಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಕೆತ್ತನೆಯ ನಕ್ಷತ್ರಗಳ ಮೂಲಕ ನೋಡಿದರೆ ನೀರಿನೊಳಗೆ ಹಾಕಿದ ಒಂದು ಅಡಿಕೆ ಹತ್ತು ಅಡಿಕೆಯಾಗಿ ಕಾಣುತ್ತಿತ್ತು. ಅತ್ತೆ ಬಗ್ಗಿ ಎರಡು ಸಲ ಎಣಿಸಿದರು.

ಆಂಟಿ ಅವರ ಮುಂದೆಯೂ ಕುಂಕುಮ ಹಿಡಿದರು. ಅತ್ತೆ ಕೈ ಮುಂದೆ ಮಾಡಲಿಲ್ಲ. “ಬೇಡಮ್ಮ. ನಂಗೆ ಅಭ್ಯಾಸ ಹೋಗಿದೆ” ಅಂದರು, ತುಂಬ ಮೆತ್ತಗೆ. ಆ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ...

ಅವರು ಕೊನೆಯವರೆಗೂ ತೆಗೆದುಕೊಳ್ಳಲಿಲ್ಲ. ಆದರೆ ದಿನಾ ಸಂಜೆ ನನಗಿಂತ ಮೊದಲು ಹೋಗಿ, ಅದು ಓರೆ ಇದೆ, ಇದು ಹಿಂದಾಯಿತು ಅಂತ ಗಾಜು ಸರಿಪಡಿಸುತ್ತಿದ್ದರು. ಮೈಸೂರಿನ ಅತ್ತೆಯೇ ಕಲಶ ಇಟ್ಟರಂತೆ ಅನ್ನುವ ಸುದ್ದಿ ಹ್ಯಾರೋದಲ್ಲಿ ಹರಡಲು ಒಂದು ದಿನ ಸಾಕಾಯಿತು. ಐದನೇ ಸಂಜೆ ಇಬ್ಬರು ಬಂದರು, ಆರನೆಯ ದಿನ ಏಳು ಜನ. ಗಾಜು ನೋಡುವ ನೆಪದಲ್ಲಿ ಬಂದವರೂ ಹಣೆ ಒಡ್ಡಿ ಹೋದರು. ಕೆಲವರು ಎಂದೂ ಬರಲಿಲ್ಲ, ನಾದಿನಿಯಂತೂ ಇಲ್ಲವೇ ಇಲ್ಲ. ನನ್ನ ಮಗಳು ಡಿಸೆಂಬರಿನಲ್ಲಿ ಗುಂಡುಕಲ್ಲಿನ ಹಾಗೆ ಹುಟ್ಟಿದಳು. ಕುಂಕುಮಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ನನಗೂ ಗೊತ್ತು. ಆದರೆ ಸಂಬಂಧ ಕಲ್ಪಿಸಲು ಕಾದು ಕೂತಿದ್ದವರ ಬಾಯಿ ಮುಚ್ಚಿಸಲು ಅಷ್ಟು ಸಾಕಿತ್ತು.

ಆಮೇಲೆ ಪ್ರತಿ ದಸರಾದಲ್ಲೂ ಗಾಜೇ ಕೂತಿತು. ಪ್ರತಿ ವರ್ಷವೂ ಆಂಟಿ ನಾದಿನಿಗೆ ಫೋನ್ ಮಾಡಿ, ಅಮ್ಮನ ರಾಜ ರಾಣಿ ಎರಡಾದರೂ ಕೊಡು ಅಂತ ಕೇಳುತ್ತಿದ್ದರು. ಪ್ರತಿ ವರ್ಷವೂ ನೋಡೋಣ ಅನ್ನುವ ಉತ್ತರ. ಗಾಜಿನ ಮುಂದೆ ಅಷ್ಟು ಧೈರ್ಯವಾಗಿ ನಿಲ್ಲುತ್ತಿದ್ದ ಹೆಂಗಸು, ಆ ಫೋನ್ ಇಟ್ಟ ಮೇಲೆ ತೊಳೆದ ಬಟ್ಟಲನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದರು. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಗೊಂಬೆ ಬರಲೇ ಇಲ್ಲ. ಅವರ ಮಗನ ಫ್ಲ್ಯಾಟು ಲಂಡನ್ನಿನ ಇನ್ನೊಂದು ತುದಿಯಲ್ಲಿ, ಸ್ಟ್ರಾಟ್‌ಫರ್ಡಿನ ಹದಿನೆಂಟನೇ ಮಹಡಿಯಲ್ಲಿ, ಅಲ್ಲಿ ಪಂಚ್ ಬೌಲ್ ಇಟ್ಟರೆ ಮನುಷ್ಯ ಹೊರಗೆ ನಿಲ್ಲಬೇಕು. ಗಾಜು, ಮೆಟ್ಟಿಲು ಎಲ್ಲ ನನಗೆ ಕೊಟ್ಟು ಹೋದ.

ಕಳೆದ ಶನಿವಾರ ಅಕ್ಕಿ ಚೆಲ್ಲಿ ಹೂಜಿ ಕವುಚಿ ಇಡುತ್ತಿದ್ದಾಗ ಫೋನ್ ಬಂತು. ದನಿ ಮೊದಲು ಗುರುತು ಸಿಗಲಿಲ್ಲ, ಅಷ್ಟು ಸೋತಿತ್ತು. ಆ ನಾದಿನಿ. ಹೋದ ವರ್ಷ ಅವರ ಯಜಮಾನರು ತೀರಿಕೊಂಡ ವಿಷಯ ನನಗೂ ಗೊತ್ತಿತ್ತು. “ಅತ್ತಿಗೆಯ ಗೊಂಬೆಗಳಿವೆ ನೋಡಮ್ಮ. ಇನ್ಮೇಲೆ ನಾನು ಕೂರಿಸೋ ಹಾಗಿಲ್ಲ. ನೀನು ಮುತ್ತೈದೆ, ನೀನೇ ಇಟ್ಕೊಂಡುಬಿಡು.”

ಅನುಭವಿಸಲಿ. ಮೊದಲು ನನ್ನೊಳಗೆ ಎದ್ದ ಮಾತು ಅದೇ, ಮುಚ್ಚಿಡುವುದಿಲ್ಲ. ಇಷ್ಟು ವರ್ಷ ನಾಲಿಗೆಯ ಮೇಲಿಟ್ಟುಕೊಂಡಿದ್ದೆ. ಆದರೆ ಈ ಫೋನ್ ಆಂಟಿಗೆ ಬರಬೇಕಿತ್ತು, ಈ ಮಾತು ಅವರು ಕೇಳಬೇಕಿತ್ತು. ಅವರಿಲ್ಲ. ಈ ಮನೆಯಲ್ಲಿ ಅವರ ಗಾಜು ಎಷ್ಟು ತುಂಬಿದ್ದರೂ ಅವರಿಲ್ಲ, ನನಗೆ ಅವರು ಬೇಕು...

“ನಾನು ತಗೊಳ್ಳಲ್ಲ” ಅಂದೆ.

“ಯಾಕಮ್ಮ, ಕೋಪಾನಾ?”

“ಹೂಂ, ಕೋಪಾನೇ. ಆ ಗೊಂಬೆಗಳನ್ನ ಇನ್ನೊಬ್ಬ ಮುತ್ತೈದೆ ಮನೆಗೆ ಸಾಗಿಸೋದು ಬೇಡ. ನೀವೇ ಕೂರಿಸಿ. ಮೊದಲನೇ ದಿನ ಸಂಜೆ ನಾನು, ನನ್ನ ಮಗಳು ಬರ್ತೀವಿ. ಕುಂಕುಮ ನಿಮ್ಮ ಕೈಯಿಂದಲೇ ಹಚ್ಚಬೇಕು.”

“ಜನ ಏನಂತಾರೆ?” ಅಂದರು.

“ಅವತ್ತು ಜನ ಅಂದ್ರೆ ನೀವೇ ಅಲ್ವಾ?”

ಫೋನ್ ಇಟ್ಟುಬಿಟ್ಟರು. ಆಮೇಲೆ ಮಾಡಿಲ್ಲ. ಸೋಮವಾರ ಮೊದಲನೇ ದಿನ. ಮಗಳಿಗೆ ಸೀರೆ ತೆಗೆದಿಟ್ಟಿದ್ದೇನೆ. ಅವರು ಬಾಗಿಲು ತೆಗೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ತೆಗೆಯುವವರೆಗೂ ಬೆಲ್ ಒತ್ತುತ್ತೇನೆ.