ಹಣ್ಣಿಲ್ಲದ ಆರೆಂಜ್ ಕೌಂಟಿ

ಕಳೆದ ವಾರದಿಂದ ಅಡುಗೆಮನೆಯ ಮೇಜಿನ ಮೇಲೆ ಒಂದು ಚೀಲ ಕಿತ್ತಳೆ ಕೂತಿದೆ. ಅದರ ವಾಸನೆ ಮೂಗಿಗೆ ಬಡಿದಾಗಲೆಲ್ಲ ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯ ನಮ್ಮ ಪಕ್ಕದ ಮನೆಯ ಅಕ್ಕ ಬೇಲಿಯಾಚೆ ನಿಂತಂತಾಗುತ್ತದೆ...

ಎಂಬತ್ತರ ದಶಕದ ಮಾತು. ಮೈಸೂರಿನವರು, ನನಗಿಂತ ಹಿರಿಯರು. ಹಿತ್ತಲಿನ ಮರದ ಹಣ್ಣನ್ನು ಚೀಲಗಟ್ಟಲೆ ಹಂಚುತ್ತಿದ್ದರು. ಕೈ ಧಾರಾಳ, ಮನಸ್ಸು ಮಾತ್ರ ಅನುಮಾನದ ಗೂಡು. ಹಾಲಿನ ಡಬ್ಬಿಯ ಮೇಲಿನ ತಾರೀಖನ್ನೂ ನಂಬದೆ ಮೂಸಿ ನೋಡುತ್ತಿದ್ದರು.

ಅವರ ಒಬ್ಬಳೇ ಮಗಳಿಗೆ ನೆಂಟರ ಮೂಲಕ ಒಂದು ಸಂಬಂಧ ಬಂತು. ಹುಡುಗ ಇಂಜಿನಿಯರು, ಮನೆ ಆರೆಂಜ್ ಕೌಂಟಿಯಲ್ಲಿ. ನಮ್ಮ ಕ್ಯಾಲಿಫೋರ್ನಿಯಾದ ದಕ್ಷಿಣದಲ್ಲಿರುವ ಆರೆಂಜ್ ಕೌಂಟಿ ಎಂಬ ಜಿಲ್ಲೆಯೊಂದೇ ನಮಗೆ ಗೊತ್ತಿದ್ದದ್ದು. ಕಾರಿನಲ್ಲಿ ಹೋಗಿಬರಬಹುದು, ಮಗಳು ಕೈಗೆ ಸಿಗುವಷ್ಟು ಹತ್ತಿರ ಎಂದು ಅಕ್ಕ ಹಿಗ್ಗಿದರು. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡತೊಡಗಿದರು. ಒಂದು ದಿನ ಹುಡುಗನ ತಾಯಿ ಮಾತಿನ ಮಧ್ಯೆ, ಈ ಹಿಮದಲ್ಲಿ ಕಿತ್ತಳೆ ಎಲ್ಲಿ ಬರಬೇಕು ಅಂದರಂತೆ. ಅಕ್ಕ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ನಮ್ಮ ಮನೆಗೆ ಓಡಿಬಂದರು.

“ಆರೆಂಜ್ ಕೌಂಟಿಲಿ ಆರೆಂಜೇ ಬೆಳೆಯಲ್ವಂತೆ. ಹಿಮ ಬೀಳತ್ತಂತೆ. ಏನೋ ಮುಚ್ಚಿಡ್ತಿದಾರೆ ಕಣೇ.”

ನನಗೂ ಅನುಮಾನ ಅಂಟಿತು. ಕೆಲಸ ಇದೆಯೋ ಇಲ್ಲವೋ, ಮೊದಲೇ ಒಂದು ಮದುವೆಯಾಗಿದೆಯೋ... ಕಾಫಿ ಕುಡಿಯುತ್ತಾ ಇಬ್ಬರೂ ಒಂದಕ್ಕೊಂದು ಪೋಣಿಸಿದೆವು. ಹಿಂದೆಯೇ ಬಂದಿದ್ದ ಮಗಳು ಪಕ್ಕದಲ್ಲಿ ಕೂತು ಹಣ್ಣು ಸುಲಿಯುತ್ತಿದ್ದಳು, ತುಟಿಪಿಟಕ್ಕೆನ್ನಲಿಲ್ಲ. ಅಕ್ಕ ಹುಡುಗನ ಮನೆಯವರಿಗೆ ಫೋನು ಮಾಡಿ, ನೀವು ಸುಳ್ಳುಗಾರರೆಂದು ನೇರವಾಗಿ ಅಂದೇಬಿಟ್ಟರು. ಸಂಬಂಧ ಮುರಿಯಿತು.

ಆಮೇಲೊಮ್ಮೆ ಲೈಬ್ರರಿಯ ದಪ್ಪ ಪುಸ್ತಕವೊಂದರಲ್ಲಿ ಕಂಡಿತು. ನ್ಯೂಯಾರ್ಕ್ ರಾಜ್ಯದಲ್ಲೂ ಒಂದು ಆರೆಂಜ್ ಕೌಂಟಿ! ನಮ್ಮದಕ್ಕೆ ಹಣ್ಣಿನ ಹೆಸರು. ಅದಕ್ಕೆ, ಮುಂದೆ ಇಂಗ್ಲೆಂಡಿನ ದೊರೆಯಾದ, ಆರೆಂಜ್ ಮನೆತನದ ಒಬ್ಬ ರಾಜಕುಮಾರನ ಹೆಸರು. ಅಲ್ಲಿ ಹಿಮವಲ್ಲದೆ ಇನ್ನೇನು ಬೀಳಬೇಕು. ತೋರಿಸಿದಾಗ ಅಕ್ಕ ಅದರೊಳಗಿನ ನಕ್ಷೆಯ ಮೇಲೆ ನಮ್ಮೂರಿನಿಂದ ಅಲ್ಲಿಯವರೆಗೆ ಬೆರಳೆಳೆದು ನೋಡಿದರು. ಕ್ಷಮೆ ಕೇಳಲು ಫೋನು ಮಾಡಿದರೆ ಆ ಕಡೆಯವರು ಇಟ್ಟುಬಿಟ್ಟರು. ಮಗಳು ಇನ್ನು ಮದುವೆಯ ಮಾತೇ ಬೇಡವೆಂದಳು. ಹಾಗೆಯೇ ಉಳಿದಳು.

“ನನ್ನ ಬಾಯಿಂದ ಮಗಳ ಬಾಳು ಹಾಳಾಯ್ತು” ಎಂದು ಅಕ್ಕ ಕೊನೆಯವರೆಗೂ ಕೊರಗಿದರು.

ಕಳೆದ ವಾರ ಅವರ ವೈಕುಂಠ ಸಮಾರಾಧನೆ. ಊಟವಾದ ಮೇಲೆ ಮಗಳು ಹಿತ್ತಲಿನ ಹಣ್ಣು ತಂದುಕೊಟ್ಟು ಪಕ್ಕದಲ್ಲಿ ಕೂತಳು.

“ಆಂಟಿ, ಅದು ನ್ಯೂಯಾರ್ಕ್ ಅಂತ ನಂಗೆ ಗೊತ್ತಿತ್ತು. ಫಸ್ಟ್ ಫೋನಲ್ಲೇ ಅವನು ಹೇಳಿದ್ದ. ನಂಗೆ ಮದುವೆ ಬೇಡ ಇತ್ತು. ಅಮ್ಮಂಗೆ ಡೌಟ್ ಬಂತಲ್ಲ, ಸುಮ್ನಿದ್ದೆ.”

ಜಗತ್ತನ್ನೆಲ್ಲ ಅನುಮಾನಿಸಿದ ಅಕ್ಕ ಇವಳೊಬ್ಬಳನ್ನು ಅನುಮಾನಿಸಲಿಲ್ಲ. ನನಗೆ ಕಡುಸಿಟ್ಟು ಬಂತು, ಅಳುವೂ ಬಂತು. ಈಗ ತಿಳಿದು ಯಾರಿಗೆ ಹೇಳಲಿ...

ಇವತ್ತು ಚೀಲದಿಂದ ಒಂದು ಹಣ್ಣು ತೆಗೆದೆ. ಅಕ್ಕ ಹಾಲು ಮೂಸುತ್ತಿದ್ದ ಹಾಗೆ ಮೂಸಿ ನೋಡಿ, ಮತ್ತೆ ಅಲ್ಲೇ ಇಟ್ಟೆ.